ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಗೆ: ಗುಡ್ಡ ಇಳಿದು ಬಂದ ಕಬ್ಬಿಣದ ಕಥೆ

(ಈ ವಾರದ ಇತಿಹಾಸ ಪಾಡ್‌ಕಾಸ್ಟ್‌ನ ಬರಹ ರೂಪ)



ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಶಿವಮೊಗ್ಗ, ಭದ್ರಾವತಿ ಹುಡುಗ ಹುಡುಗಿಯರ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಈಗ ಒಂದೇ ಪ್ರಶ್ನೆ: ಭಾನುವಾರ ಎಲ್ಲಿಗೆ? ಕೊಡಚಾದ್ರಿ, ಕವಲೇದುರ್ಗ, ಕುಂದಾದ್ರಿ ಹೆಸರು ಬರುತ್ತೆ. ಅದರ ಜೊತೆಗೇ ಬರೋ ಇನ್ನೊಂದು ಹೆಸರು ಕೆಮ್ಮಣ್ಣುಗುಂಡಿ. ಅಲ್ಲಿರೋ ಝಡ್ ಪಾಯಿಂಟ್.

ಹಿಮಾಲಯದ ಟ್ರೆಕ್ಕಿಂಗ್ ರೀಲ್ಸ್ ನೀವೆಲ್ಲ ನೋಡಿರ್ತೀರಿ. ಅಲ್ಲಿ ಸೀಸನ್ ಶುರು ಅಂದರೆ ಹಿಮ ಕರಗಿ ದಾರಿ ಬಿಡೋದು. ಎದುರಿಗೆ ಹಿಮನದಿ ಹೊತ್ತ ಬೆಟ್ಟ. ಅದನ್ನ ನೋಡೋಕೆ ಒಂದು ಎತ್ತರದ ಜಾಗ. ನಮ್ಮ ಕಡೆ ಹಿಮವೂ ಇಲ್ಲ, ಹಿಮನದಿಯೂ ಇಲ್ಲ. ನಮ್ಮ ಸೀಸನ್ನು ನಿರ್ಧಾರ ಮಾಡೋದು ಮಳೆ. ಮುಂಗಾರು ತಗ್ಗಿ, ಹುಲ್ಲು ಇನ್ನೂ ಹಸಿರಾಗಿ, ಮಂಜು ಬೆಳಗ್ಗೆ ಹತ್ತರವರೆಗೂ ಕಣಿವೆ ಬಿಟ್ಟು ಹೋಗದೆ ಇರೋ ಈ ಕೆಲವು ವಾರಗಳೇ ನಮ್ಮ ಮಲೆನಾಡಿನ ಸೀಸನ್ ಆರಂಭ.

ಆದರೆ ಇವತ್ತಿನ ಕಂತು ಟ್ರೆಕ್ಕಿಂಗ್ ಗೈಡ್ ಅಲ್ಲ. ಆ ಗುಡ್ಡದ ಮೇಲೆ ನಿಮ್ಮ ಶೂಗೆ ಅಂಟೋ ಕೆಂಪು ಮಣ್ಣಿಗೂ, ಭದ್ರಾವತಿ ಅನ್ನೋ ಊರಿಗೂ ಏನು ಸಂಬಂಧ ಅನ್ನೋ ಕಥೆ. ಆ ಮಣ್ಣು ಇಲ್ಲದೆ ಇದ್ದಿದ್ದರೆ ಈಗ ನಾವು ನೋಡ್ತಿರೋ ಭದ್ರಾವತಿ ಇರ್ತಿರಲಿಲ್ಲ.

ಹೆಸರಲ್ಲೇ ಇದೆ ಗಣಿ

ಮೊದಲು ಜಾಗ ಎಲ್ಲಿದೆ ಅಂತ ನೋಡೋಣ. ಶಿವಮೊಗ್ಗದಿಂದ ಹೊರಟರೆ ಭದ್ರಾವತಿ, ಆಮೇಲೆ ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ, ಅಲ್ಲಿಂದ ಘಾಟಿ ಹತ್ತಿದರೆ ಕೆಮ್ಮಣ್ಣುಗುಂಡಿ. ಜಿಲ್ಲೆ ಚಿಕ್ಕಮಗಳೂರು. ಆದರೆ ನಕ್ಷೆ ಮೇಲೆ ಭದ್ರಾವತಿಯಿಂದ ದಕ್ಷಿಣಕ್ಕೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ 35 ಕಿಲೋಮೀಟರ್ ಅಷ್ಟೇ. ಎತ್ತರ ಸಮುದ್ರ ಮಟ್ಟದಿಂದ 1,400 ಮೀಟರ್ ದಾಟುತ್ತೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಇರೋದೂ ಇದೇ ಬಾಬಾಬುಡನ್ ಗಿರಿಸಾಲಿನಲ್ಲಿ. ಕುದುರೆ ಲಾಳದ ಹಾಗೆ ಬಾಗಿರೋ ಈ ಸಾಲಿಗೆ ಚಂದ್ರದ್ರೋಣ ಪರ್ವತ ಅನ್ನೋ ಹಳೆಯ ಹೆಸರೂ ಇದೆ.

ಈಗ ಹೆಸರು ಬಿಡಿಸಿ ನೋಡಿ. ಕೆಮ್ಮಣ್ಣು ಅಂದರೆ ಕೆಂಪು ಮಣ್ಣು. ಗುಂಡಿ ಅಂದರೆ ಗುಂಡಿಯೇ. ಆ ಊರಿಗೆ ಯಾವ ಕವಿಯೂ ಹೆಸರಿಟ್ಟಿಲ್ಲ. ಮಣ್ಣು ನೋಡಿದವರು ಕಂಡಿದ್ದನ್ನ ಕಂಡ ಹಾಗೆ ಹೇಳಿದ್ದಾರೆ. ಆ ಕೆಂಪು ಬಣ್ಣ ಬಂದಿದ್ದು ಕಬ್ಬಿಣದಿಂದ. ತುಕ್ಕಿನ ಬಣ್ಣ ಅದು.

ಆ ಕಬ್ಬಿಣ ಅಲ್ಲಿಗೆ ಹೇಗೆ ಬಂತು? ಬಾಬಾಬುಡನ್ ಬೆಟ್ಟದ ಕಲ್ಲುಗಳ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಹಿಮಾಲಯ ಎದ್ದು ನಿಲ್ಲೋಕೆ ಶುರುವಾಗಿದ್ದು ಐದು ಕೋಟಿ ವರ್ಷಗಳ ಹಿಂದೆ. ಅಂದರೆ ನಾವು ತಲೆ ಎತ್ತಿ ನೋಡೋ ಆ ಹಿಮದ ಬೆಟ್ಟಗಳು ನಮ್ಮ ಬೆಟ್ಟದ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳು. ಅಷ್ಟು ಹಳೆಯ ಕಾಲದ ಸಮುದ್ರಗಳ ತಳದಲ್ಲಿ ಕಬ್ಬಿಣ ಒಂದು ಪದರ, ಸಿಲಿಕಾ ಒಂದು ಪದರ ಅಂತ ಕೂತು, ಪಟ್ಟೆ ಪಟ್ಟೆಯಾದ ಕಲ್ಲಾಯ್ತು. ಆಮೇಲೆ ಆ ಕಲ್ಲು ಮೇಲೆದ್ದು, ಲಕ್ಷಾಂತರ ವರ್ಷ ಮಳೆಗೆ ನೆನೆಯಿತು. ಮಳೆ ನೀರು ಸಿಲಿಕಾವನ್ನ ನಿಧಾನವಾಗಿ ಕರಗಿಸಿಕೊಂಡು ಹೋಯ್ತು. ಹಿಂದೆ ಉಳಿದಿದ್ದು ಕಬ್ಬಿಣದ ಅಂಶ ಜಾಸ್ತಿ ಇರೋ ಅದಿರು.

ಹಿಮಾಲಯದಲ್ಲಿ ಬೆಟ್ಟ ಕೆತ್ತೋದು ಹಿಮನದಿಯ ಕೆಲಸ. ಇಲ್ಲಿ ಆ ಕೆಲಸ ಮಾಡಿದ್ದು ಮಳೆ. ನಮಗೆ ಟ್ರೆಕ್ಕಿಂಗ್ ಸೀಸನ್ ಕೊಡೋ ಅದೇ ಮಳೆ, ಈ ಗುಡ್ಡಕ್ಕೆ ಅದಿರನ್ನೂ ಕೊಟ್ಟಿತು. ಮನುಷ್ಯ ಗುದ್ದಲಿ ಹಿಡಿದು ಬಂದಿದ್ದು ಎಷ್ಟೋ ಕಾಲದ ನಂತರ.

ಬೆಂಕಿಪುರಕ್ಕೆ ಬಂದ ಬೆಂಕಿ

ಮೈಸೂರು ಸೀಮೆಯಲ್ಲಿ ಕಬ್ಬಿಣ ಕರಗಿಸೋದು ಹೊಸ ವಿದ್ಯೆ ಏನಲ್ಲ. 1800-01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಹಳ್ಳಿಗಳಲ್ಲಿ ಮಣ್ಣಿನ ಸಣ್ಣ ಕುಲುಮೆ ಕಟ್ಟಿ, ತಿದಿ ಒತ್ತಿ, ಇದ್ದಿಲು ಸುಟ್ಟು ಕಬ್ಬಿಣ ತೆಗೆಯೋರನ್ನ ಕಂಡು ವಿವರವಾಗಿ ಬರೆದಿದ್ದಾನೆ. ಆ ಕಬ್ಬಿಣದಲ್ಲಿ ನೇಗಿಲ ಗುಳ, ಕುಡುಗೋಲು, ಕತ್ತಿ ಆಗ್ತಿತ್ತು. ಆಮೇಲೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಹಡಗಲ್ಲಿ ಬಂತು, ರೈಲಲ್ಲಿ ಊರೂರಿಗೂ ಮುಟ್ಟಿತು. ಹಳ್ಳಿ ಕುಲುಮೆಗಳು ಒಂದೊಂದಾಗಿ ಆರಿದವು.

1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಶುರು ಮಾಡಿತು. ಯಾವ ಗುಡ್ಡದಲ್ಲಿ ಏನಿದೆ ಅಂತ ಲೆಕ್ಕ ಹಾಕೋ ಕೆಲಸ ಆಗ ಆರಂಭ. 1899ರಲ್ಲಿ ಬೀರೂರಿನಿಂದ ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ ರೈಲು ಬಂತು. ಅಲ್ಲಿಗೆ ಗುಡ್ಡದಲ್ಲಿ ಅದಿರು, ಕೆಳಗೆ ರೈಲು, ಸುತ್ತ ಕಾಡು, ಪಕ್ಕದಲ್ಲಿ ಭದ್ರಾ ನದಿ. ಒಂದು ಕಾರ್ಖಾನೆಗೆ ಬೇಕಾದ್ದೆಲ್ಲ ಹತ್ತಿರ ಹತ್ತಿರ ಸೇರಿತ್ತು.

ಒಂದು ಮಾತ್ರ ಇರಲಿಲ್ಲ. ಕಲ್ಲಿದ್ದಲು.

ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೆ ಹೆಚ್ಚು ದೂರವಲ್ಲದ ಝರಿಯಾದಲ್ಲಿ ಕಲ್ಲಿದ್ದಲು ಗಣಿಗಳಿದ್ದವು. ಮೈಸೂರಿಗೆ ಅಲ್ಲಿಂದ ಕಲ್ಲಿದ್ದಲು ತರಿಸಿದರೆ ರೈಲು ಬಾಡಿಗೆಯೇ ಕಬ್ಬಿಣದ ಬೆಲೆಯನ್ನ ನುಂಗಿ ಹಾಕ್ತಿತ್ತು. ಹಾಗಾಗಿ 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಬಂದ ಯೋಜನೆ ಬೇರೆ ದಾರಿ ಹಿಡಿಯಿತು: ಕಲ್ಲಿದ್ದಲು ಬೇಡ, ಕಾಡಿನ ಸೌದೆ ಸುಟ್ಟ ಇದ್ದಿಲಲ್ಲೇ ಕಬ್ಬಿಣ ಕರಗಿಸೋಣ. ಯೋಜನೆಗೆ ಸಲಹೆ ಕೊಟ್ಟಿದ್ದು ನ್ಯೂಯಾರ್ಕಿನ ಇಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್. ಟಾಟಾ ಕಾರ್ಖಾನೆ ಕಟ್ಟೋದ್ರಲ್ಲೂ ಅವರ ಪಾತ್ರ ಇತ್ತು.

ಜಾಗ ಆಯ್ಕೆ ಆಗಿದ್ದು ಭದ್ರಾ ತೀರದ ಒಂದು ಸಣ್ಣ ಊರು. ಅದರ ಹಳೆ ಹೆಸರು ಬೆಂಕಿಪುರ! ಹೆಸರು ಕಾರ್ಖಾನೆಯಿಂದ ಬಂದಿದ್ದಲ್ಲ, ಅದಕ್ಕೂ ಹಳೆಯದು. ಊರೇ ಮುಂಚಿತವಾಗಿ ಹೆಸರು ಇಟ್ಟುಕೊಂಡು ಕಾಯ್ತಿತ್ತೇನೋ ಅನ್ಸುತ್ತೆ.

ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ, 1923ರ ಜನವರಿಯಲ್ಲಿ, ಭದ್ರಾವತಿಯಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ ಶುರುವಾಯ್ತು.

ಮೋಡದಿಂದ ಇಳಿದ ತೊಟ್ಟಿಗಳು

ಈಗ ಗುಡ್ಡಕ್ಕೆ ವಾಪಸ್ ಬನ್ನಿ. ಅದಿರು 1,400 ಮೀಟರ್ ಎತ್ತರದಲ್ಲಿದೆ. ಕುಲುಮೆ ಕೆಳಗೆ ನದಿ ದಂಡೆಯಲ್ಲಿ. ಮಧ್ಯೆ ಕಡಿದಾದ ಇಳಿಜಾರು, ದಟ್ಟ ಕಾಡು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯೋ ಮಳೆ. ಲಾರಿಗಳ ಕಾಲ ಇನ್ನೂ ಬಂದಿರಲಿಲ್ಲ. ಎತ್ತಿನ ಗಾಡಿಯಲ್ಲಿ ಒಂದು ಕಾರ್ಖಾನೆ ಹೊಟ್ಟೆ ತುಂಬಿಸೋಕೆ ಆಗಲ್ಲ.

ಉತ್ತರ: ರೋಪ್‌ವೇ. ಕೆಮ್ಮಣ್ಣುಗುಂಡಿಯಿಂದ ಕೆಳಗಿನ ತಣಿಗೆಬೈಲಿಗೆ ಉಕ್ಕಿನ ಹಗ್ಗ. ಅದರಲ್ಲಿ ತೂಗಾಡುತ್ತಾ ಇಳಿಯೋ ಅದಿರಿನ ತೊಟ್ಟಿಗಳು. ಇಂಥ ಇಳಿಜಾರಿನ ರೋಪ್‌ವೇಗಳ ಹಿಂದಿನ ಲೆಕ್ಕ ಬಹಳ ಸರಳ. ತುಂಬಿದ ತೊಟ್ಟಿ ತನ್ನ ಭಾರಕ್ಕೆ ತಾನೇ ಇಳಿಯುತ್ತೆ, ಇಳಿಯೋವಾಗ ಖಾಲಿ ತೊಟ್ಟಿಯನ್ನ ಮೇಲಕ್ಕೆ ಎಳೆಯುತ್ತೆ. ನಮ್ಮ ಬಾವಿ ರಾಟೆಯ ದೊಡ್ಡ ಅಣ್ಣ ಅಂದ್ಕೊಳ್ಳಿ. ತಣಿಗೆಬೈಲಿನಿಂದ ಮುಂದಕ್ಕೆ ಸಣ್ಣ ಹಳಿಯ ಟ್ರಾಮ್‌ವೇ. ಎರಡು ಅಡಿ ಅಗಲದ ಹಳಿ ಮೇಲೆ ಅದಿರು ತುಂಬಿದ ಗಾಡಿಗಳು ಕಾಡು, ಗದ್ದೆ ದಾಟಿ ಭದ್ರಾವತಿಗೆ ಬರ್ತಿದ್ದವು.

ಸುಣ್ಣದ ಕಲ್ಲು ಬಂದಿದ್ದು ಭಂಡಿಗುಡ್ಡದಿಂದ. ಸೌದೆ ಬಂದಿದ್ದು ಸುತ್ತಲಿನ ಮಲೆನಾಡ ಕಾಡಿನಿಂದ. ಉಂಬಳೇಬೈಲು ಕಡೆಯ ಕಾಡಿನೊಳಕ್ಕೂ ಟ್ರಾಮ್ ಹಳಿ ಹೋಗಿತ್ತು.

ಕುಲುಮೆಯೊಳಗೆ ಆಗೋದು ಏನು? ಅದಿರಲ್ಲಿ ಕಬ್ಬಿಣ ಆಮ್ಲಜನಕವನ್ನ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ. ಇದ್ದಿಲು ಉರಿದಾಗ ಹುಟ್ಟೋ ಅನಿಲ ಆ ಆಮ್ಲಜನಕವನ್ನ ಕಿತ್ತುಕೊಳ್ಳುತ್ತೆ. ಸುಣ್ಣದ ಕಲ್ಲು ಉಳಿದ ಕಸವನ್ನೆಲ್ಲ ಸೇರಿಸಿಕೊಂಡು ಕಿಟ್ಟವಾಗಿ ಮೇಲೆ ತೇಲುತ್ತೆ. ಕೆಳಗೆ ಕರಗಿದ ಕಬ್ಬಿಣ ಹರಿಯುತ್ತೆ. ಇದ್ದಿಲಲ್ಲಿ ಗಂಧಕ ತೀರಾ ಕಡಿಮೆ. ಅದಕ್ಕೇ ಇದ್ದಿಲಿನ ಕಬ್ಬಿಣಕ್ಕೆ ಒಳ್ಳೆಯ ಹೆಸರಿತ್ತು, ವಿದೇಶದಲ್ಲೂ ಕೊಳ್ಳುವವರಿದ್ದರು. ಸೌದೆಯನ್ನ ಬರೀ ಸುಟ್ಟು ಹಾಕದೆ, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಹೊಗೆಯಿಂದ ಟಾರು, ಮರದ ಸಾರಾಯಿ ಅಂತ ಕರೆಯೋ ಮೆಥನಾಲ್ ಎಲ್ಲ ತೆಗೆಯೋ ಘಟಕವೂ ಭದ್ರಾವತಿಯಲ್ಲಿತ್ತು.

ನಷ್ಟದ ಕಾರ್ಖಾನೆಗೆ ಬಂದ ಅರವತ್ತು ದಾಟಿದ ಮನುಷ್ಯ

ಕಾರ್ಖಾನೆ ಶುರುವಾದ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಕಟ್ಟೋ ಖರ್ಚು ಅಂದಾಜು ಮೀರಿತ್ತು. ಸಂಸ್ಥಾನದ ದುಡ್ಡನ್ನ ಕಾಡಲ್ಲಿ ಸುಡ್ತಿದ್ದಾರೆ ಅನ್ನೋ ಥರದ ಟೀಕೆಗಳು ಬಂದವು. ದಿವಾನಗಿರಿ ಬಿಟ್ಟು ನಾಲ್ಕೈದು ವರ್ಷ ಆಗಿದ್ದ ವಿಶ್ವೇಶ್ವರಯ್ಯನವರನ್ನ ಮತ್ತೆ ಕರೆದಿದ್ದು ಆಗಲೇ. 1923ರಿಂದ 1929ರವರೆಗೆ ಅವರು ಕಾರ್ಖಾನೆಯ ಆಡಳಿತ ಮಂಡಳಿ ಅಧ್ಯಕ್ಷರು. ಬಂದಾಗ ವಯಸ್ಸು ಅರವತ್ತು ದಾಟಿತ್ತು.

ಅವರು ಮಾಡಿದ್ದು ಪವಾಡ ಅಲ್ಲ, ಲೆಕ್ಕ. ಖರ್ಚು ಎಲ್ಲಿ ಸೋರ್ತಿದೆ ಅಂತ ಹುಡುಕಿದರು, ದೊಡ್ಡ ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿನವರನ್ನೇ ತಯಾರು ಮಾಡಿದರು. ಕುಲುಮೆ ನಡೆಸೋದು ಅಮೆರಿಕದವರಿಗೆ ಮಾತ್ರ ಗೊತ್ತಿರೋ ಗುಟ್ಟಲ್ಲ, ಮಲೆನಾಡಿನ ಹುಡುಗನೂ ಕಲೀಬಹುದು ಅನ್ನೋದು ಅಲ್ಲಿ ಸಾಬೀತಾಯ್ತು. ನನ್ನ ಪ್ರಕಾರ ಆ ಕಾರ್ಖಾನೆಯ ಮೊದಲ ದೊಡ್ಡ ಉತ್ಪನ್ನ ಕಬ್ಬಿಣ ಅಲ್ಲ, ಈ ಧೈರ್ಯ.

ಮುಂದೆ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1936ರಲ್ಲಿ ಉಕ್ಕಿನ ಘಟಕ ಬಂತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆಯ ಸ್ಥಾಪನೆ. ಆಮೇಲೆ ಸಿಮೆಂಟ್. ಕೆಲಸ ಹುಡುಕ್ಕೊಂಡು ತಮಿಳು, ತೆಲುಗು, ಮಲಯಾಳಂ, ಉರ್ದು ಮಾತಾಡೋರು, ಉತ್ತರ ಕರ್ನಾಟಕದವರು ಬಂದು ನೆಲೆಸಿದರು. ನ್ಯೂಟೌನ್, ಪೇಪರ್ ಟೌನ್ ಅಂತ ಹೊಸ ಬಡಾವಣೆಗಳೇ ಎದ್ದವು. ಒಂದೇ ಬೀದಿಯಲ್ಲಿ ನಾಲ್ಕು ಭಾಷೆ ಕೇಳೋ ಭದ್ರಾವತಿ ಹುಟ್ಟಿದ್ದು ಹೀಗೆ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಇದೇ ಊರಲ್ಲಿ. ನಟ ದೊಡ್ಡಣ್ಣ ಸಿನಿಮಾಕ್ಕೆ ಬರೋ ಮೊದಲು ಕೆಲಸ ಮಾಡಿದ್ದು ಇದೇ ಕಾರ್ಖಾನೆಯಲ್ಲಿ.

ಗುಡ್ಡ ಕೊಟ್ಟ ಬೆಲೆ

ಇಷ್ಟು ಕೇಳಿ ಎದೆ ಉಬ್ಬಿದರೆ ತಪ್ಪಿಲ್ಲ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತೆಗೀಬೇಕು.

ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಮ್ಮಿ ಒಂದೂವರೆ ಟನ್‌ಗೂ ಮಿಕ್ಕಿ ಅದಿರು ಬೇಕು, ಹತ್ತಿರ ಹತ್ತಿರ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಾಗೋಕೆ ನಾಲ್ಕೈದು ಟನ್ ಸೌದೆ. ಈಗ ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಗುಣಿಸ್ಕೊಳ್ಳಿ. ಇದ್ದಿಲ ಕುಲುಮೆ ಅಂದರೆ ಕಾಡನ್ನೇ ತಿನ್ನೋ ಬಾಯಿ. ಜೋಗದ ವಿದ್ಯುತ್ ಬಂದ ಮೇಲೆ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು, ಸೌದೆ ಮೇಲಿನ ಅವಲಂಬನೆ ಇಳಿಯಿತು. ಅಷ್ಟರಲ್ಲಿ ಎಷ್ಟೋ ಕಾಡು ಇದ್ದಿಲಾಗಿ ಹೋಗಿತ್ತು.

ಗುಡ್ಡದ ಮೇಲೂ ಅಷ್ಟೇ. ಪಶ್ಚಿಮ ಘಟ್ಟದ ಎತ್ತರದಲ್ಲಿ ನೀವು ನೋಡೋದು ಎರಡು ಥರದ ಹೊದಿಕೆ. ಮೇಲೆ ಹುಲ್ಲುಗಾವಲು, ಕಣಿವೆ ಮಡಿಕೆಗಳಲ್ಲಿ ಶೋಲಾ ಕಾಡು. ಹುಲ್ಲು ಮಳೆ ನೀರನ್ನ ಹಿಡಿದು ನಿಧಾನವಾಗಿ ಬಿಡುತ್ತೆ, ಶೋಲಾ ಅದನ್ನ ಬೇಸಿಗೆವರೆಗೂ ಕಾಪಾಡುತ್ತೆ. ಹೆಬ್ಬೆ ಜಲಪಾತ, ಕಲ್ಲತ್ತಿ ಜಲಪಾತ ಬೀಳೋದು ಇಂಥ ನೀರಿನಿಂದ. ಗಣಿ ಅಗೆಯೋಕೆ ಆ ಹೊದಿಕೆ ಕಿತ್ತರೆ ಮೊದಲ ಜೋರು ಮಳೆಗೇ ಕೆಮ್ಮಣ್ಣು ಹಳ್ಳಕ್ಕೆ ಇಳಿಯುತ್ತೆ. ಹಳ್ಳದಿಂದ ಕೆರೆಗೆ, ಗದ್ದೆಗೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ ಮತ್ತೆ ಹಳೆ ಗುಡ್ಡ ಆಗಲ್ಲ.

ತಮಾಷೆ ಅಂದರೆ, ಈ ಗಣಿಯ ಪಕ್ಕದಲ್ಲೇ ನಾಲ್ವಡಿಯವರ ಬೇಸಿಗೆ ವಿಶ್ರಾಂತಿಯ ಗಿರಿಧಾಮವೂ ಬೆಳೆದಿತ್ತು. ಅದಕ್ಕೇ ಅದು ಕೃಷ್ಣರಾಜೇಂದ್ರ ಗಿರಿಧಾಮ. ಮುಂದೆ ಅದನ್ನ ತೋಟಗಾರಿಕೆ ಇಲಾಖೆ ನೋಡಿಕೊಂಡಿತು. ಗುಲಾಬಿ ತೋಟ ಒಂದು ಕಡೆ, ಅದಿರಿನ ತೊಟ್ಟಿ ಇನ್ನೊಂದು ಕಡೆ. ಒಂದೇ ಗುಡ್ಡ, ಎರಡು ಆಸೆ.

ಕಾಲ ಬದಲಾಯ್ತು. ಅರಣ್ಯ ಕಾನೂನು ಬಿಗಿಯಾಯ್ತು. ಪಕ್ಕದ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯ್ತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿತು. ಇವತ್ತು ಅಲ್ಲಿ ಹುಲ್ಲು ಅಲ್ಲಾಡೋ ಸದ್ದು ಕೇಳುತ್ತೆ. ಒಳ್ಳೇದೇ ಆಯ್ತು ಅಂತ ಗುಡ್ಡ ಹತ್ತುವ ನಾವು ಹೇಳ್ತೀವಿ.

ಆದರೆ 35 ಕಿಲೋಮೀಟರ್ ಉತ್ತರದಲ್ಲಿ ಇದೇ ಸುದ್ದಿ ಬೇರೆ ಥರ ಕೇಳಿಸಿತು.

ಗಣಿ ಇಲ್ಲದ ಕುಲುಮೆ

ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದಿದ್ದು 1970ರ ದಶಕದಲ್ಲಿ. ನಾವೆಲ್ಲ ಹೇಳೋ ವಿಐಎಸ್‌ಎಲ್ ಅದೇ. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರ, ಅಂದರೆ ಸೇಲ್ ಕೈಗೆ ಹೋಯ್ತು. 1998ರಲ್ಲಿ ಅದರೊಳಗೇ ವಿಲೀನವಾಯ್ತು. ಸ್ವಂತ ಗಣಿ ಇಲ್ಲ, ಹಳೆ ಯಂತ್ರ, ಹೊಸ ಬಂಡವಾಳ ಇಲ್ಲ. ಅದಿರನ್ನ ಕೊಂಡು ತಂದು ವಿಶೇಷ ಉಕ್ಕು ಮಾಡಿ ಲಾಭ ತೆಗೆಯೋದು ಕಷ್ಟ. ನಷ್ಟ ಬೆಳೆಯಿತು, ಖಾಸಗಿಗೆ ಮಾರೋ ಪ್ರಯತ್ನ ಕೈಗೂಡಲಿಲ್ಲ. ಪಕ್ಕದ ಕಾಗದ ಕಾರ್ಖಾನೆ, ಎಂಪಿಎಂ, ಕಳೆದ ದಶಕದಲ್ಲೇ ನಿಂತುಹೋಗಿತ್ತು.

ಮತ್ತೆ ಬಂತು ಜನವರಿ. 2023ರ ಜನವರಿ. ಕಾರ್ಖಾನೆಗೆ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ ಅದನ್ನ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಹೆಂಡತಿ ಮಕ್ಕಳೂ ಬಂದರು. ಊರು ಬಂದ್ ಆಯ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಕೆಲವು ಘಟಕಗಳು ಮತ್ತೆ ಶುರುವಾದವು. ಆದರೆ ಗುತ್ತಿಗೆ ಕಾರ್ಮಿಕನಿಗೆ ತಿಂಗಳಲ್ಲಿ ಎಷ್ಟು ದಿನ ಕೆಲಸ ಸಿಗುತ್ತೆ ಅನ್ನೋದು ಇಡೀ ಮನೆಯ ಪ್ರಶ್ನೆ. ರೇಷನ್ ಅಂಗಡಿ ಸಾಲ, ಮಗಳ ಕಾಲೇಜ್ ಫೀಸು, ಎಲ್ಲ ಅದರ ಮೇಲೆ ನಿಂತಿದೆ.

ಪರಿಹಾರ ಅಂತ ವರ್ಷಗಳಿಂದ ಕೇಳಿಬರೋ ಮಾತು ಒಂದು: ಕಾರ್ಖಾನೆಗೆ ಬೇರೆ ಕಡೆ ಗಣಿ ಕೊಡಿ. ಎಲ್ಲಿ? ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ರಮಣದುರ್ಗದಲ್ಲಿ.

ರಮಣದುರ್ಗದ ಹೆಸರು ನಿಮ್ಮಲ್ಲಿ ಹಲವರು ಕೇಳಿರಲಿಕ್ಕಿಲ್ಲ. ಅದೂ ಒಂದು ಎತ್ತರದ ಗುಡ್ಡ. ಬಳ್ಳಾರಿಯ ಬಿಸಿಲು ತಾಳಲಾರದ ಬ್ರಿಟಿಷರು ವಿಶ್ರಾಂತಿಗೆ ಅಂತ ಹತ್ತುತ್ತಿದ್ದ ಗಿರಿಧಾಮ. ಮಳೆ ಬಂದ ಮೇಲೆ ಸಂಡೂರಿನ ಗುಡ್ಡಗಳೂ ಹಸಿರಾಗ್ತವೆ, ಮಂಜು ಅಲ್ಲೂ ಇಳಿಯುತ್ತೆ, ಅಲ್ಲೂ ಹುಡುಗರು ಬೈಕ್ ನಿಲ್ಲಿಸಿ ಫೋಟೋ ತೆಗೀತಾರೆ.

ಈಗ ಪ್ರಶ್ನೆ ಅರ್ಥ ಆಯ್ತಲ್ಲ? ನಮ್ಮ ಗುಡ್ಡ ಉಳಿಯಿತು ಅಂತ ಖುಷಿ ಪಡೋ ನಾವು, ಭದ್ರಾವತಿ ಉಳೀಲಿ ಅಂತಲೂ ಹೇಳ್ತೀವಿ. ಎರಡೂ ಸೇರಿದಾಗ ಅದರ ಅರ್ಥ, ಅಗೆಯೋ ಗುಡ್ಡ ಇನ್ಯಾರದ್ದೋ ಆಗಲಿ ಅಂತ. ನಾವು ಹತ್ತೋ ಬೈಕ್, ಕೈಲಿರೋ ಫೋನಿನ ಟವರ್, ಝಡ್ ಪಾಯಿಂಟ್ ದಾರಿಯ ಕಂಬಿ ಕೂಡ ಉಕ್ಕೇ. ಉಕ್ಕು ಬೇಡ ಅನ್ನೋಕಾಗಲ್ಲ. ಗುಡ್ಡ ಹೋದರೆ ಹೋಗ್ಲಿ ಅನ್ನೋಕೂ ಆಗಲ್ಲ.

ಹಾಗಂತ ಕೈ ಕಟ್ಟಿ ಕೂರೋದೂ ಉತ್ತರ ಅಲ್ಲ. ಇವತ್ತು ಉಕ್ಕನ್ನ ಅದಿರಿನಿಂದಷ್ಟೇ ಮಾಡ್ತಿಲ್ಲ. ಹಳೆ ಗುಜರಿ ಕಬ್ಬಿಣವನ್ನ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಉಕ್ಕು ಮಾಡೋದು ಪ್ರಪಂಚದಾದ್ಯಂತ ನಡೀತಿದೆ. ವಿದ್ಯುತ್ ಕುಲುಮೆ ಭದ್ರಾವತಿಗೆ ಹೊಸದಲ್ಲ, ವಿಶೇಷ ಉಕ್ಕಿನ ಕೈಕೆಲಸವೂ ಹೊಸದಲ್ಲ. ಇದರಿಂದ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ವಿದ್ಯುತ್ ದರ, ಬಂಡವಾಳ, ಮಾರುಕಟ್ಟೆ ಎಲ್ಲದರ ಲೆಕ್ಕ ಕೂಡಬೇಕು. ಆದರೆ ಕಲ್ಲಿದ್ದಲಿಲ್ಲ ಅಂತ ಸುಮ್ಮನಾಗದೆ 1923ರಲ್ಲಿ ಬೇರೆ ದಾರಿ ಹುಡುಕಿದ ಊರು ಇದು. ಗಣಿ ಇಲ್ಲ ಅಂದಾಗಲೂ ಬೇರೆ ದಾರಿ ಇದೆಯಾ ಅಂತ ಕೇಳೋ ಹಕ್ಕು ಅದಕ್ಕಿದೆ.

ಹೋಗೋರಿಗೆ ಎರಡು ಮಾತು

ಈ ಸೀಸನ್ನಲ್ಲಿ ಕೆಮ್ಮಣ್ಣುಗುಂಡಿಗೆ ಹೋಗೋರು ಬೆಳಗ್ಗೆ ಬೇಗ ಹೊರಡಿ. ಇಂಬಳ ಇರುತ್ತೆ, ಉಪ್ಪೋ ಸುಣ್ಣವೋ ಜೊತೆಗಿರಲಿ. ಝಡ್ ಪಾಯಿಂಟ್ ದಾರಿ ಕಿರಿದು, ಒಂದು ಕಡೆ ಆಳ. ಮಂಜು ದಟ್ಟವಾದರೆ ಸೆಲ್ಫಿಗಿಂತ ಕಾಲು ಮುಖ್ಯ. ಹಳೆ ಗಣಿ ಜಾಗಗಳೊಳಗೆ ನುಗ್ಗಬೇಡಿ, ಸಡಿಲ ಮಣ್ಣು ಕುಸಿಯುತ್ತೆ. ಅರಣ್ಯ ಇಲಾಖೆಯ ಅನುಮತಿ, ಸಮಯ ಎರಡನ್ನೂ ಹೊರಡೋ ಮುಂಚೆ ನೋಡ್ಕೊಳ್ಳಿ. ಪ್ಲಾಸ್ಟಿಕ್ ವಾಪಸ್ ತನ್ನಿ.

ಮೇಲೆ ನಿಂತಾಗ ಒಮ್ಮೆ ಉತ್ತರ ದಿಕ್ಕಿಗೂ ತಿರುಗಿ. ಅದು ಭದ್ರಾವತಿ ಇರೋ ಕಡೆ. ಅದಿರು ಇಳಿದ ಕಡೆ. ವಾಪಸ್ ಬರೋವಾಗ ಭದ್ರಾವತಿಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದರೆ, ಪಕ್ಕದಲ್ಲಿ ಕೂತ ಹಿರಿಯರು ಕಾರ್ಖಾನೆಯಲ್ಲಿ ದುಡಿದವರೇ ಇರಬಹುದು. ಕೇಳಿ ನೋಡಿ. ಪುಸ್ತಕದಲ್ಲಿ ಇಲ್ಲದ ಇತಿಹಾಸ ಅವರ ಹತ್ತಿರ ಇರುತ್ತೆ, ಕೇಳೋರು ಸಿಕ್ಕರೆ ಹೇಳ್ತಾರೆ.

ನಿಮ್ಮ ಮನೆಯಲ್ಲಿ ಯಾರಾದರೂ ವಿಐಎಸ್‌ಎಲ್‌ನಲ್ಲೋ, ಎಂಪಿಎಂನಲ್ಲೋ, ಗುಡ್ಡದ ಗಣಿಯಲ್ಲೋ ಕೆಲಸ ಮಾಡಿದ್ದರೆ ಅವರ ನೆನಪನ್ನ ಫೋನಲ್ಲೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಈ ವಾರ ಇಷ್ಟು.